ಶಾಗ್ಯದಲ್ಲಿ ನಿಂತ ಬೈಕು

ಆ ಬುಧವಾರ ಬೆಳಿಗ್ಗೆ ಹನೂರಿನ ಮೇಲೆ ಮಂಜು ದಟ್ಟವಾಗಿ ಕೂತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ನಿಂತ ಬೆಟ್ಟದ ಬಸ್ಸಿನ ಬೋರ್ಡು ಹತ್ತಿರ ಹೋದವರಿಗಷ್ಟೇ ಕಾಣುತ್ತಿತ್ತು. ಕಾರ್ತಿಕದ ಮಂಜು, ಬಿಸಿಲೇರಿದರೆ ತಾನೇ ಎದ್ದು ಹೋಗುತ್ತದೆ. ಜಡೇಸ್ವಾಮಿ ಅದಕ್ಕೆ ಕಾಯಲಿಲ್ಲ. ಆಸ್ಪತ್ರೆಯಲ್ಲಿ ಕೊಟ್ಟ ಲಸಿಕೆಯ ನೀಲಿ ಡಬ್ಬವನ್ನು ಹೆಗಲಿಗೆ ಹಾಕಿಕೊಂಡು, ಬೆಟ್ಟದ ದೇವರು ಮಾದಪ್ಪನನ್ನು ನೆನೆದು, ಬೈಕು ಹತ್ತಿದ.

ಕಾಡಂಚಿನಲ್ಲಿರುವ ಸೋಲಿಗರ ಪುಟ್ಟ ಹಟ್ಟಿಗಳಿಗೆ, ಪೋಡುಗಳಿಗೆ, ಲಸಿಕೆ ಮುಟ್ಟಿಸುವುದು ಅವನ ಕೆಲಸ. ಅವನೂ ಸೋಲಿಗನೇ. ಹೋದ ತಿಂಗಳು ಒಂದು ಪೋಡಿನ ದಾರಿಗೆ ಆನೆ ಅಡ್ಡ ನಿಂತು, ಅವನು ತಲುಪುವಷ್ಟರಲ್ಲಿ ತಾಯಂದಿರೆಲ್ಲ ಕೂಸುಗಳನ್ನೆತ್ತಿಕೊಂಡು ಹೊರಟುಹೋಗಿದ್ದರು. ಅವರನ್ನು ಒಪ್ಪಿಸಿ ಕೂರಿಸಿದ್ದ ಕೇತಮ್ಮ ಎಂಬ ಮುದುಕಿ ಒಬ್ಬಳೇ ಉಳಿದಿದ್ದಳು.

"ನಿನ್ ಡಬ್ಬ ನಂಬ್ಕಂಡು ಕೂಲಿ ಬುಟ್ಟು ಕೂತಿದ್ರು ಕಣ್ಲಾ. ಇನ್ನೊಂದ್ ಸಲ ಇಂಗಾದ್ರೆ ನಾ ಕರೆದ್ರೂ ಬರಾಕಿಲ್ಲ."

"ಈ ಸಲ ಊಟದ ಒತ್ತಿಗೆ ಮುಂಚೆ ಬತ್ತೀನಿ ಅಜ್ಜಿ" ಎಂದು ಅವನು ಮಾತು ಕೊಟ್ಟಿದ್ದ. ಇವತ್ತು ಆ ಮಾತಿನ ದಿನ.

ದಾರಿಯ ಊರು ಶಾಗ್ಯ ಇನ್ನೇನು ಸಿಕ್ಕಿತು ಅನ್ನುವಾಗ ಮೂಗಿಗೆ ಪೆಟ್ರೋಲ್ ವಾಸನೆ ಬಡಿಯಿತು. ಮೊಣಕಾಲು ಒದ್ದೆ. ಎರಡು ಸಲ ಕೆಮ್ಮಿ ಬೈಕು ನಿಂತಿತು. ತಳ್ಳಿಕೊಂಡು ಬಂದು ಊರಂಚಿನ ಹುಣಸೆಮರದ ಕೆಳಗೆ ನಿಲ್ಲಿಸಿ, ಡಬ್ಬವನ್ನು ನೆರಳಿನಲ್ಲಿಟ್ಟ. ಎದುರಿನ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಗುರುಸಿದ್ದಮ್ಮ ತಲೆಯೆತ್ತಿದಳು. ವಾರವಾರ ಈ ದಾರಿಯಲ್ಲಿ ಹೋಗುವವನು ಅವಳಿಗೆ ಗೊತ್ತಿದ್ದವನೇ.

"ಯಾಕ್ ಮಗಾ, ನಿಂತ್ಬುಟ್ಟೆ?"

"ಪೆಟ್ರೋಲ್ ಸೋರ್ತಾ ಅದೆ ಅವ್ವ."

"ಬಟ್ಟೆ ಸೋಪ್ ತತ್ತೀನಿ ತಡಿ, ಮೆತ್ತು. ನಮ್ಮೆಜಮಾನ್ರು ಟ್ಯಾಂಕಿಗೆ ಸೋಪ್ ಮೆತ್ಕಂಡು ಬೆಟ್ಟಕ್ಕೇ ಓಗ್ ಬಂದವ್ರೆ!"

"ಅದು ಹಳೇ ಕಾಲದ ಬೈಕವ್ವ. ಇದ್ರಲ್ಲಿ ಪಂಪು ಪೆಟ್ರೋಲ್ನ ನೂಕ್ತದೆ. ಸೋಪ ಉಗುದ್ಬುಡ್ತದೆ."

"ಅಂಗಾರೆ ಯಾವಳ್ದೋ ಕಣ್ಣು ಬಿದ್ದದೆ" ಎಂದು ಒಳಗೆ ಹೋದವಳು ತಟ್ಟೆಯಲ್ಲಿ ಕರ್ಪೂರ ಹಚ್ಚಿಕೊಂಡೇ ಹೊರಗೆ ಬಂದಳು, ಬೈಕಿಗೆ ದೃಷ್ಟಿ ತೆಗೆಯಲು.

"ಅವ್ವಾ! ಅಲ್ಲೇ ನಿಂತ್ಕೋ! ಬೈಕ್ ಜತ್ಗೆ ನಮ್ಮಿಬ್ರುಗೂ ಆರ್ತಿ ಆಯ್ತದೆ!"

ಗುರುಸಿದ್ದಮ್ಮ ಬೆಚ್ಚಿ ನಿಂತಳು, ಆಮೇಲೆ ನಕ್ಕಳು. ತಟ್ಟೆಯನ್ನು ಮನೆಯ ಹಿಂದಕ್ಕೆ ಒಯ್ದು, ಉರಿ ತಾನಾಗಿ ಆರುವ ತನಕ ಅದಕ್ಕೆ ಕಾವಲು ನಿಂತಳು. ಹಚ್ಚಿದ ಕರ್ಪೂರವನ್ನು ಊದಿ ಆರಿಸುವುದು ಅವಳಿಂದಾಗದು.

ಎಂಜಿನ್ ತಣಿಯುವವರೆಗೆ ಜಡೇಸ್ವಾಮಿ ಕೈಕಟ್ಟಿ ಕೂತ. ಬಿಸಿಲು ಏರುತ್ತಿತ್ತು. ಆತುರ ಪಟ್ಟರೆ ಬೆಂಕಿ, ಕೂತರೆ ಹೊತ್ತು ಮೀರುತ್ತದೆ. ಕಣ್ಣು ಮುಚ್ಚಿ ಮಾದಪ್ಪನ ಹೆಸರು ಹೇಳುತ್ತ ಹೇಳುತ್ತ ಮನಸ್ಸು ಒಂದು ಕಡೆ ನಿಂತಿತು. ಆಮೇಲೆ ಸೀಟು ತೆಗೆದು, ಬೋಲ್ಟ್ ಬಿಚ್ಚಿ, ಟ್ಯಾಂಕನ್ನು ಎತ್ತಿ ನೋಡಿದ.

ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಪೈಪಿನ ಎರಡು ತುದಿಗೂ ಪ್ಲಾಸ್ಟಿಕ್ಕಿನ ಕನೆಕ್ಟರ್ ಇರುತ್ತದೆ. ಮೇಲಿನದನ್ನು ಮುಟ್ಟಿದರೆ ಸುಟ್ಟ ಹಪ್ಪಳದಂತೆ ಬೆರಳಲ್ಲೇ ಪುಡಿಯಾಯಿತು. ಪಕ್ಕದ ಸಂದಿಯಲ್ಲಿ ಬೂದಿ, ಗಂಧದಕಡ್ಡಿಯ ಮೋಟುಗಳು.

ಕಡ್ಡಿ ಅವನೇ ಸಿಕ್ಕಿಸಿದ್ದು. ಪ್ರತಿ ಸೋಮವಾರ ಪೂಜೆಯಾದ ಮೇಲೆ ಬೈಕಿಗೂ ಒಂದು ಕಡ್ಡಿ ಹಚ್ಚುವುದು ಅವನ ರೂಢಿ. ಹ್ಯಾಂಡಲ್ಲಿಗೆ ಸಿಕ್ಕಿಸಿದರೆ ಗಾಳಿಗೆ ಆರುತ್ತದೆಂದು ಟ್ಯಾಂಕಿನ ಕೆಳಗಿನ ಸಂದಿಗೇ ಸಿಕ್ಕಿಸುತ್ತಿದ್ದ. ಆ ಕೆಂಡ ವಾರವಾರ ಕನೆಕ್ಟರನ್ನು ಬಾಡಿಸಿತ್ತು. ಇಷ್ಟು ದಿನ ಕಾಯ್ದವನು ಯಾರೆಂದು ಅವನಿಗೆ ಗೊತ್ತಿತ್ತು. "ತಪ್ಪಾಯ್ತು ಸ್ವಾಮಿ. ಇನ್ಮೇಲೆ ಮನೇಲೇ ಬೆಳಗ್ತೀನಿ" ಎಂದು ಬೂದಿಯನ್ನು ಒರೆಸಿ ತೆಗೆದ.

ಅಷ್ಟರಲ್ಲಿ ರೇಷ್ಮೆ ಹುಳುವಿನ ಮನೆಯಿಂದ ಗುರುಸಿದ್ದಮ್ಮನ ಮಗ ಶಿವಕುಮಾರಸ್ವಾಮಿ ಬಂದ. ಅವನ ಕೊಟ್ಟಿಗೆಯಲ್ಲಿ ಅದೇ ಕಂಪನಿಯ ಅದೇ ಬೈಕು, ಹಿಂದಿನ ಚಕ್ರವಿಲ್ಲದೆ ಕಲ್ಲಿನ ಮೇಲೆ ಕೂತಿತ್ತು.

"ಅಣ್ಣ, ನಿಮ್ ಬೈಕಿನ ಕನೆಕ್ಟರ್ ಬಿಚ್ಕೊಳ್ಲಾ? ಇವತ್ತೇ ಕೊಳ್ಳೇಗಾಲದಿಂದ ಒಸದು ತಂದು ನಾನೇ ಆಕ್ಕೊಡ್ತೀನಿ."

"ಲೇ, ಚಕ್ರ ಹನೂರಲ್ಲಿ ಪಂಚರ್ ಅಂಗಡೀಲದೆ, ಸಂಜೆ ಬತ್ತದೆ. ಬೆಳಿಗ್ಗೆ ನಾನು ರೇಷ್ಮೆಗೂಡು ತಕಂಡು ಮಾರ್ಕೆಟ್ಗೆ ಓಗ್ಬೇಕು. ಒಂದಿನ ತಡವಾದ್ರೂ ಚಿಟ್ಟೆ ಗೂಡು ತೂತು ಮಾಡ್ಕಂಡು ಈಚೆಗ್ ಬತ್ತವೆ. ನೀನು ಕಾಡಿಗೋಗಿ ಆನೆ ಜತೆ ಕೂತ್ಬುಟ್ರೆ?"

"ಓದ್ ತಿಂಗ್ಳು ಆನೆ ಜತೆ ಕೂತಿದ್ದೆ, ಈ ತಿಂಗ್ಳು ನಿಮ್ ಜತೆ ಕೂತಿವ್ನಿ. ಕೊನೇಗೆ ಅದೂ ದಾರಿ ಬುಡ್ತು ಅಣ್ಣ."

ಗುರುಸಿದ್ದಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಆನೆಗೇ ಓಲಿಸ್ಬುಟ್ಟ ನೋಡ್ಲಾ ನಿನ್ನ! ಕೊಡು, ಕೂಸ್ಗಳ ಕೆಲ್ಸ."

ಶಿವಕುಮಾರಸ್ವಾಮಿಗೂ ನಗು ಬಂತು, ತೋರಿಸಿಕೊಳ್ಳಲಿಲ್ಲ. "ಒಂದು ಬಿಚ್ಕೋ."

ಜಡೇಸ್ವಾಮಿ ತನ್ನ ಪೈಪಿನ ಕೆಳಗಿನ ಕನೆಕ್ಟರನ್ನು ಉಗುರಿನಿಂದ ಒತ್ತಿ ತೋರಿಸಿದ. ಕೂದಲೆಳೆಯಷ್ಟು ಸೀಳು. "ಎರಡೂ ಬೇಕು ಅಣ್ಣ. ಇದು ಕಾಡೊಳಗೆ ಕೈಕೊಡ್ತದೆ."

"ಇವತ್ತೊಂದಿನ ನಡೀತದೆ ಬುಡು."

"ನಡೆದ್ರೆ ಸರಿ. ನಡೀದಿದ್ರೆ ಅಲ್ಲಿ ಯಾರ ಕೊಟ್ಟಿಗೆ ಹುಡುಕ್ಲಿ?"

ಇನ್ನೊಬ್ಬರಾಗಿದ್ದರೆ ಇದ್ದುದರಲ್ಲೇ ಹೊರಟುಬಿಡುತ್ತಿದ್ದರು. ಅವನು ಅಲುಗಲಿಲ್ಲ. ಕೊನೆಗೆ ಶಿವಕುಮಾರಸ್ವಾಮಿ ತಾನೇ ಸ್ಪ್ಯಾನರ್ ತಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಕೊಟ್ಟಿಗೆಯ ಬೈಕಿನ ಎರಡನ್ನೂ ಬಿಚ್ಚಿ, ಬಟ್ಟೆಯಲ್ಲಿ ಒರೆಸಿ, ಜಡೇಸ್ವಾಮಿಯ ಪೈಪಿಗೆ ಕೂಡಿಸಿ ಒತ್ತಿದರೆ ಟಕ್ ಎಂದು ಕಚ್ಚಿಕೊಂಡವು. ಜಡೇಸ್ವಾಮಿ ಸ್ಟಾರ್ಟ್ ಮಾಡದೆ ಕೀಲಿ ಮಾತ್ರ ತಿರುಗಿಸಿದ. ಪಂಪು ಗುಯ್ಯೆಂದಿತು. ಕನೆಕ್ಟರುಗಳ ಸುತ್ತ ಬೆರಳಾಡಿಸಿದ. ಒಣಗಿತ್ತು. ಮತ್ತೊಮ್ಮೆ ಆಡಿಸಿದ. ಒಣಗಿಯೇ ಇತ್ತು.

ಪೋಡು ಮುಟ್ಟಿದಾಗ ಇಬ್ಬರು ತಾಯಂದಿರು ಎದ್ದು ಸೀರೆ ಕೊಡವುತ್ತಿದ್ದರು. ಅವರ ಮುಂದೆ ಕೇತಮ್ಮ ಕೋಲೂರಿ ನಿಂತಿದ್ದಳು. "ಕೂತ್ಕಳ್ರವ್ವ, ಶಬ್ದ ಕೇಳ್ತಾ ಇಲ್ವಾ?" ಅನ್ನುತ್ತಿದ್ದಳು. ಮೊದಲೇ ಬಂದು ಕಾಯುತ್ತಿದ್ದ ನರ್ಸ್ ನಾಗಶ್ರೀ ಓಡಿ ಬಂದು ಡಬ್ಬ ತೆಗೆದುಕೊಂಡಳು. ಸ್ವಲ್ಪ ಹೊತ್ತಿಗೆ ಮೊದಲ ಕೂಸಿನ ಅಳು ಕಾಡನ್ನೆಲ್ಲ ತುಂಬಿತು.

"ಮಾತು ಉಳಿಸ್ಕಂಡೆ ಕಣ್ಲಾ. ರಾಗಿ ಹಿಟ್ಟುಣ್ಣು ಬಾ" ಅಂದಳು ಕೇತಮ್ಮ, ಎಲ್ಲ ಕೂಸುಗಳಿಗೂ ಲಸಿಕೆ ಆದ ಮೇಲೆ.

"ಇನ್ನೊಂದ್ ಮಾತು ಉಳ್ಕಂಡದೆ ಅಜ್ಜಿ." ಖಾಲಿ ಡಬ್ಬ ಹೆಗಲಿಗೇರಿಸಿ ಅವನು ಹೊರಟೇಬಿಟ್ಟ.

ಡಬ್ಬವನ್ನು ಹನೂರಿನಲ್ಲಿ ಒಪ್ಪಿಸಿ ಕೊಳ್ಳೇಗಾಲಕ್ಕೆ ಬಂದರೆ, ಮೊದಲ ಅಂಗಡಿಯವನು ನಾಳೆ ಬಾ ಅಂದ. ಎರಡನೆಯವನು ಪೂರಾ ಪೈಪನ್ನೇ ತಗೋ ಅಂದ. ಮಧುವನಹಳ್ಳಿ ಕಡೆಯ ರಸ್ತೆಯ ಒಂದು ಚಿಕ್ಕ ಅಂಗಡಿಯಲ್ಲಿ ಕನೆಕ್ಟರುಗಳು ಸಿಕ್ಕಿದವು. ಎರಡನ್ನೂ ಬಗ್ಗಿಸಿ, ಬೆಳಕಿಗೆ ಹಿಡಿದು ನೋಡಿ, ಅಂಗಿಯ ಜೇಬಿನಲ್ಲಿಟ್ಟುಕೊಂಡ.

ಶಾಗ್ಯಕ್ಕೆ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಕೊಟ್ಟಿಗೆಯ ಬೈಕಿಗೆ ಚಕ್ರ ಬಂದಿತ್ತು. ಹುಳುವಿನ ಮನೆಯಲ್ಲಿ ಶಿವಕುಮಾರಸ್ವಾಮಿ ಗೂಡು ಬಿಡಿಸಿ ಚೀಲಕ್ಕೆ ತುಂಬುತ್ತಿದ್ದ. ಜಡೇಸ್ವಾಮಿ ಕರೆಯಲಿಲ್ಲ. ಗೂಟದಲ್ಲಿದ್ದ ಆ ಬೈಕಿನ ಕೀಲಿ ತೆಗೆದುಕೊಂಡು, ಉಳಿದ ಬೆಳಕಿನಲ್ಲಿ ಕೂತು, ಹೊಸ ಕನೆಕ್ಟರುಗಳನ್ನು ಹಾಕಿ ಒತ್ತಿದ. ಟಕ್, ಟಕ್. ಕೀಲಿ ತಿರುಗಿಸಿ ಬೆರಳಾಡಿಸಿ ನೋಡಿದ. ಒಣಗಿತ್ತು. ಟ್ಯಾಂಕನ್ನು ಕೂರಿಸಿ, ತನ್ನ ಕೈಯ ಕಲೆ ಅದರ ಮೇಲೆ ಉಳಿಯದಂತೆ ಒರೆಸಿದ.

ಹುಳುವಿನ ಮನೆಯ ಬಾಗಿಲಿಗೆ ಹೋಗಿ ನಿಂತಾಗ ಶಿವಕುಮಾರಸ್ವಾಮಿ ತಿರುಗಿದ. ಜಡೇಸ್ವಾಮಿ ಕೀಲಿಯನ್ನು ಅವನ ಅಂಗೈಯಲ್ಲಿಟ್ಟ.