ನೆವಿಲ್ ಅಂಟಿಸಿದ ಹಸಿರು ಚೀಟಿ

ಏನಪ್ಪಾ ಇದು ವಾಸನೆ, ಬೆಂದ ಎಲೆಕೋಸು, ಬೆಕ್ಕು, ಲ್ಯಾವೆಂಡರ್ ಪೌಡರು, ಎಲ್ಲದರಡಿ ಇನ್ನೊಂದು, ಇಸ್ತ್ರಿಪೆಟ್ಟಿಗೆ ಬಟ್ಟೆ ಮೇಲೇ ಮರೆತಾಗ ಬರುವಂಥದ್ದು — ನೆವಿಲ್ ಮೂಗು ಮುರಿದ, ಹದಿಮೂರು ಮನೆಯ ಸಾಲು, ಮನೆಗೊಂದು ನಾತ, ಯಾವನೋ ಉಣ್ಣೆ ವ್ಯಾಪಾರಿ ಸ್ವರ್ಗದಾಸೆಗೆ ನಾನೂರು ವರ್ಷದ ಹಿಂದೆ ಬಡ ಮುದುಕರಿಗೆ ಕಟ್ಟಿಸಿಟ್ಟ ಧರ್ಮದ ಮನೆಗಳು, ವರ್ಷಕ್ಕೊಮ್ಮೆ ಇವನು ಬಂದು ಕೆಟಲ್ಲು, ಟೋಸ್ಟರು, ದೀಪ, ಕರೆಂಟಿನ ಸಾಮಾನಿಗೆಲ್ಲ ಪರೀಕ್ಷೆಯ ಯಂತ್ರ ಹಚ್ಚಿ ನೋಡಬೇಕು, ಸರಿಯಿದ್ದರೆ ಹಸಿರು ಚೀಟಿ, ಕೆಟ್ಟಿದ್ದರೆ ಕೆಂಪು ಚೀಟಿ ಅಂಟಿಸಿ ಪ್ಲಗ್ಗು ಕತ್ತರಿಸಬೇಕು. ಇದು ಎಂಟನೇ ಮನೆ, ಮಿಸೆಸ್ ಪ್ರಾಸರ್, ಎಂಬತ್ತನಾಲ್ಕು ವಯಸ್ಸು, ಚಹಾ ಕುಡಿಸದೆ ಬಿಡುವವಳಲ್ಲ, ಬಟ್ಟಲ ಅಂಚಿಗೆ ಯಾರದೋ ತುಟಿಯ ಗುರುತು, ಥೂ, ಕುಡಿದ, ಇನ್ನು ಹಾಸಿಗೆ ಬೆಚ್ಚಗಿಡೋಕೆ ಮೈಯಡಿ ಹಾಸೋ ಕರೆಂಟು ಕಂಬಳಿಯೊಂದೇ ಬಾಕಿ, ಹೊದಿಕೆ ಸರಿಸಿದರೆ ಹಳದಿ ಕಲೆ, ರೊಟ್ಟಿಚೂರು, ನಡುವೆ ಅಂಗೈಯಗಲ ಕಂದು ಮಚ್ಚೆ, ಸೀದು ಗಟ್ಟಿಯಾದ ಬಟ್ಟೆ, ಆಹಾ, ಇದೇ ಆ ವಾಸನೆ. ಪ್ಲಗ್ಗಿನ ಮೇಲೆ ಹೋದ ವರ್ಷದ ಹಸಿರು ಚೀಟಿ, ಅವನದೇ ಕೈಬರಹ. ಆವತ್ತು ಮೂರು ಗಂಟೆಗೆ ಫುಟ್ಬಾಲು, ವ್ಯಾನಲ್ಲೇ ಕೂತು ಹದಿಮೂರೂ ಮನೆಯ ಚೀಟಿ ಗೀಚಿದ್ದ, ಹಾಸಿಗೆ ಎತ್ತೋದು ಬೇಡ ಬಿಡಿ ಅಮ್ಮಾ, ನಾನು ನೋಡ್ಕೋತೀನಿ ಅಂದಿದ್ದ, ನೋಡಿದ್ದು ಗಡಿಯಾರ.

ಅವಳು ಹಿಂದೆ ನಿಂತು ಹೇಳುತ್ತಲೇ ಇದ್ದಾಳೆ, ಮೊದಲೆಲ್ಲ ಭಯಪಟ್ಟು ಮಲಗೋ ಮುಂಚೆ ಆರಿಸಿಬಿಡ್ತಿದ್ದೆ ಮಗನೇ, ನೀನು ಹಸಿರು ಚೀಟಿ ಹಚ್ಚಿ ಹೋದ ಮೇಲೆ ಬೆಳಗಿನವರೆಗೂ ಹಾಕಿಕೊಂಡೇ ಮಲಗ್ತೀನಿ, ಎಂಥಾ ಸುಖ — ಸುಖವಂತೆ, ಈಗಷ್ಟೇ ಇವಳ ಬಟ್ಟಲಿಗೆ ಹೇಸಿದವನು, ಥೂ ನಿನ್ನ ಜನ್ಮಕ್ಕೆ. ಕಾಲಿಗೆ ಮಾತ್ರ ಇದೇನೋ ಆಗಿದೆ ನೋಡು, ವಯಸ್ಸಾಯ್ತಲ್ಲ, ಅಂತ ಲಂಗದ ಅಂಚು ಎತ್ತಿದಳು, ಮೀನಖಂಡದಿಂದ ಹಿಮ್ಮಡಿವರೆಗೆ ಕೆಂಪು ಕಂದು ಬಲೆ, ಚರ್ಮದೊಳಗೇ ಹೆಣೆದಂತೆ, ರಾತ್ರಿಯಿಡೀ ಕಂಬಳಿಯ ಕಾವು ತಿಂದ ಗುರುತು. ಮಾಡಿದ್ದುಣ್ಣೋ ಮಹಾರಾಯ ಅಂತಾರೆ, ಇಲ್ಲಿ ಮಾಡಿದವನು ಇವನು, ಉಂಡದ್ದು ಅವಳ ಕಾಲು. ಹೇಳಿಬಿಡು ನೆವಿಲ್, ಹೋದ ವರ್ಷ ನೋಡಲೇ ಇಲ್ಲ ಅನ್ನು, ಡಾಕ್ಟರಿಗೆ ತೋರಿಸಿ ಅನ್ನು — ಹೇಳಿದರೆ ನಾಳೆ ಈ ಮನೆಗಳ ಧರ್ಮದರ್ಶಿಗಳ ಮುಂದೆ ನಿಲ್ಲಬೇಕು, ಹದಿಮೂರೂ ಚೀಟಿ ಬಯಲಿಗೆ, ಕೆಲಸಕ್ಕೆ ಎಳ್ಳುನೀರು — ಕತ್ತರಿ ಪ್ಲಗ್ಗನ್ನು ಕಚ್ಚಿತು, ಬಾಯಿ ತಾನಾಗಿಯೇ ತೆರೆಯಿತು.

"ಈ ವರ್ಷ ಕೆಟ್ಟಿದೆ ಅಮ್ಮಾ. ಹೋದ ವರ್ಷ ಚೆನ್ನಾಗೇ ಇತ್ತು."

"ನಿನ್ನ ಕಣ್ಣು ತಪ್ಪಿಸೋಕಾಗುತ್ತಾ," ಅಂದಳು ಮುದುಕಿ, ಅವನ ಕೈ ಹಿಡಿದು. "ನೀನಿಲ್ಲದಿದ್ದರೆ ಸುಟ್ಟುಹೋಗ್ತಿದ್ದೆ ಮಗನೇ."

ಆ ಕೈಯನ್ನು ಪ್ಯಾಂಟಿಗೆ ಒರೆಸಿದ, ಮತ್ತೆ ಒರೆಸಿದ, ಹೋಗಲಿಲ್ಲ, ಕೊಳಕು ಅವಳದಾಗಿದ್ದರಲ್ಲವೇ ಹೋಗೋದು, ಹೊರಗೆ ಚಳಿಗಾಳಿ, ಒಂಬತ್ತನೇ ಬಾಗಿಲು, ಗಂಟೆ ಒತ್ತಿದ, ಚಪ್ಪಲಿ ಎಳೆಯುತ್ತಾ ಬಂದ ಮುದುಕ ಓಹೋ ಬಾರಯ್ಯ, ಕಂಬಳಿ ಒಳ್ಳೇ ಬಿಸಿ ಕೊಡ್ತಿದೆ ಅಂದ, ನೆವಿಲ್‌ಗೆ ತಲೆಯೆತ್ತಲಾಗಲಿಲ್ಲ, ಪೈಜಾಮದ ಕೆಳಗೆ, ಕಾಲುಚೀಲದ ಮೇಲೆ, ಎರಡು ಬೆರಳಗಲ ಬರಿಯ ಚರ್ಮ, ಅಲ್ಲೂ ಬಲೆ, ಕೆಂಪು ಕಂದು ಬಲೆ, ಬಲೆ —