ಷರಾ: ಕೈ ಬಳಸಲಿಲ್ಲ

ಒಂದು ಶಾಸ್ತ್ರಕ್ಕೆ ನೂರು ವರ್ಷ ತುಂಬಿದರೆ ಯಾರನ್ನು ಕೂರಿಸಿ ಆರತಿ ಎತ್ತಬೇಕು? ೧೯೭೯ರ ಆಗಸ್ಟಿನಲ್ಲಿ ರಾಯಚೂರಿನ ಒಂದು ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ ಈ ಪ್ರಶ್ನೆ ಎದ್ದಿತ್ತು. ಜರ್ಮನಿಯ ಲೈಪ್‌ಜಿಗ್ ಎಂಬ ಊರಿನಲ್ಲಿ ವುಂಟ್ ಎಂಬ ಪಂಡಿತ ಮನಸ್ಸಿನ ಕೆಲಸವನ್ನು ಅಳೆಯಲೆಂದೇ ೧೮೭೯ರಲ್ಲಿ ಪ್ರಯೋಗಶಾಲೆ ತೆರೆದಿದ್ದ. ಆ ಲೆಕ್ಕದಲ್ಲಿ ಮನಶ್ಶಾಸ್ತ್ರಕ್ಕೆ ಈಗ ನೂರು. ಪ್ರಿನ್ಸಿಪಾಲ ಮರಿಸ್ವಾಮಿಯವರು ಶತಮಾನೋತ್ಸವ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಹಂದರ ಹಾಕಿಸಿಬಿಡುವವರು. ಶನಿವಾರಕ್ಕೆ ಸಭೆ ಗೊತ್ತಾಯಿತು, ದೊಡ್ಡ ಅಧಿಕಾರಿ ಬರುವುದೂ ಗೊತ್ತಾಯಿತು.

ಡ್ರಾಯಿಂಗ್ ಮಾಸ್ತರ ಅಲ್ಲಾಬಕ್ಷ್ ನಾಲ್ವರು ಹಿರಿಯರ ಚಿತ್ರ ಬರೆದುಕೊಟ್ಟಿದ್ದ. ವುಂಟ್, ಪಾವ್ಲೋವ್, ಎಬ್ಬಿಂಗ್‌ಹೌಸ್, ಬಿನೆ. ನಾಲ್ವರಿಗೂ ಒಂದೇ ಗಡ್ಡ. ಹೆಸರಿನ ಚೀಟಿ ಉದುರಿದರೆ ನಾಯಿಯ ಜೊಲ್ಲು ಅಳೆದವರು ಯಾರು, ಅರ್ಥವಿಲ್ಲದ ಅಕ್ಷರ ಬಾಯಿಪಾಠ ಮಾಡಿ ಮರೆವನ್ನು ಅಳೆದವರು ಯಾರು ಎಂದು ಹೇಳುವ ಹಾಗಿರಲಿಲ್ಲ. ಈ ನಾಲ್ವರ ಬಗ್ಗೆ ಭಾಷಣ ಮಾಡಬೇಕಾದವನು ಮನಶ್ಶಾಸ್ತ್ರ ಕಲಿಸುವ ಅಯ್ಯಣ್ಣ.

ಅಯ್ಯಣ್ಣನಿಗೆ ಮೂವತ್ತೆರಡು ವರ್ಷ. ಮಾನ್ವಿ ತಾಲ್ಲೂಕಿನ ಕುರ್ಡಿಯವನು, ಕೂಲಿ ಮಾಡುವವರ ಕೇರಿಯಲ್ಲಿ ಹುಟ್ಟಿದವನು. ಹಾಸ್ಟೆಲಿನಲ್ಲಿ ಉಂಡು ಧಾರವಾಡದವರೆಗೆ ಹೋಗಿ ಓದಿ ಬಂದಿದ್ದ. ಆ ಕೇರಿಯಿಂದ ಪ್ಯಾಂಟು ಹಾಕಿ ಕುರ್ಚಿಯಲ್ಲಿ ಕೂತವನು ಅವನೊಬ್ಬನೇ. ಪ್ರತಿ ವರ್ಷ ಬಿನೆಯ ಪಾಠ ಬಂದಾಗ ಅವನ ದನಿ ಏರುತ್ತಿತ್ತು. ಶಾಲೆಯಲ್ಲಿ ಹಿಂದೆ ಬಿದ್ದ ಮಕ್ಕಳಲ್ಲಿ ಯಾರಿಗೆ ನೆರವು ಬೇಕೆಂದು ತಿಳಿಯಲು ಬಿನೆ ೧೯೦೫ರಲ್ಲಿ ಬುದ್ಧಿಪರೀಕ್ಷೆ ಕಟ್ಟಿದ. ಬುದ್ಧಿ ಎಂಬುದು ಏರದ ಇಳಿಯದ ವಸ್ತುವಲ್ಲ ಎಂದು ಅವನೇ ಎಚ್ಚರಿಸಿದ್ದ. ಅವನ ಪರೀಕ್ಷೆಯನ್ನು ಸಮುದ್ರದಾಚೆ ಒಯ್ದವರು ಮಾತ್ರ ಹಡಗಿನಿಂದ ಆಗಷ್ಟೇ ಇಳಿದ, ಆ ದೇಶದ ರೀತಿ ನೀತಿ ಅರಿಯದ ಬಡವರಿಗೆ ಅದನ್ನೇ ಹಿಡಿದು ದಡ್ಡರೆಂದು ಹಣೆಪಟ್ಟಿ ಕಟ್ಟಿದರು. ಇದನ್ನು ಹೇಳುವಾಗ ಅಯ್ಯಣ್ಣ ಮೇಜು ಗುದ್ದುತ್ತಿದ್ದ. ಪುರಾಣ ಹೇಳುವುದಕ್ಕೆ, ಬದನೇಕಾಯಿ ತಿನ್ನುವುದಕ್ಕೆ ಎಂಬ ಗಾದೆ ತನಗೂ ಹತ್ತುತ್ತದೆಂದು ಅವನಿಗೆ ಹೊಳೆದಿರಲಿಲ್ಲ.

ಯಾಕೆಂದರೆ ಅವನೂ ಅಳೆಯುವವನೇ. ರಾಯಚೂರಿನಲ್ಲಿ ನಾಲ್ಕು ವರ್ಷದ ಹಿಂದೆ ಒಂದು ವಸತಿಶಾಲೆ ತೆರೆದಿದ್ದರು. ತಾಲ್ಲೂಕುಗಳಿಂದ ವರ್ಷಕ್ಕೆ ನಲವತ್ತು ಜಾಣ ಮಕ್ಕಳನ್ನು ಆರಿಸಿ ಊಟ, ಬಟ್ಟೆ, ಪುಸ್ತಕ ಕೊಟ್ಟು ಹತ್ತನೆಯವರೆಗೆ ಓದಿಸುವುದು. ಆರಿಸುವ ಕೆಲಸ ಅಯ್ಯಣ್ಣನದು. ಅವನ ಹತ್ತಿರ ಒಂದು ಕಟ್ಟಿಗೆ ಪೆಟ್ಟಿಗೆ, ಅದರಲ್ಲಿ ಬಣ್ಣ ಬಳಿದ ಹದಿನಾರು ಚೌಕದ ತುಂಡುಗಳು, ಚಿತ್ರದ ಕಾರ್ಡುಗಳು, ಒಂದು ಸ್ಟಾಪ್‌ವಾಚು. ಕಾರ್ಡಿನಲ್ಲಿದ್ದ ಚಿತ್ರದಂತೆ ಮಗು ತುಂಡು ಜೋಡಿಸಬೇಕು. ಒಟ್ಟು ಅಂಕದಲ್ಲಿ ಅರ್ಧ ಅದಕ್ಕೇ.

ಜೂನಿನಲ್ಲಿ ದೇವದುರ್ಗದ ಶಾಲೆಗೆ ಹೋಗಿದ್ದಾಗ ಅಲ್ಲಿನ ಶಿಕ್ಷಕಿ ನೀಲಗಂಗಮ್ಮ ಒಂಬತ್ತು ವರ್ಷದ ಹುಡುಗಿಯೊಬ್ಬಳ ಭುಜ ಹಿಡಿದು ಕರೆತಂದಿದ್ದರು. ಹೆಸರು ಕನಕಮ್ಮ, ಕೂಲಿ ತಾಯಣ್ಣನ ಮಗಳು.

"ಬಾಯಿಲೆಕ್ಕದಾಗ ಈಕಿ ನನ್ನ ಮೀರಿಸ್ತಾಳ್ರಿ ಸರ. ನೀವೇ ನೋಡ್ರಿ," ಎಂದಿದ್ದರು.

ಅಯ್ಯಣ್ಣ ತುಂಡುಗಳನ್ನು ಮುಂದಿಟ್ಟು, ಕಾರ್ಡು ನಿಲ್ಲಿಸಿ, ಕೈಪಿಡಿಯಲ್ಲಿದ್ದ ವಾಕ್ಯವನ್ನು ಇದ್ದ ಹಾಗೇ ಹೇಳಿದ. "ಈ ಚಿತ್ರದಂತೆ ಆಗಬೇಕು. ಆರಂಭಿಸು." ಇದಕ್ಕಿಂತ ಒಂದು ಮಾತು ಹೆಚ್ಚು ಆಡಬಾರದೆಂದು ಕೈಪಿಡಿಯ ಕಟ್ಟಪ್ಪಣೆ. ವಾಚು ಒತ್ತಿದ. ಹುಡುಗಿ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಿದ್ದಳು. ಕಣ್ಣು ಕಾರ್ಡಿನಿಂದ ತುಂಡಿಗೆ, ತುಂಡಿನಿಂದ ಕಾರ್ಡಿಗೆ ಓಡಾಡುತ್ತಿತ್ತು. ಕೈ ಮಾತ್ರ ಹೊರಗೆ ಬರಲಿಲ್ಲ. ಎರಡು ನಿಮಿಷ ಮುಗಿಯಿತು. ಎರಡನೆಯ ಕಾರ್ಡು, ಮೂರನೆಯ ಕಾರ್ಡು. ಮೂರು ತಪ್ಪಿದರೆ ನಿಲ್ಲಿಸಬೇಕು ಎಂಬುದು ನಿಯಮ, ನಿಲ್ಲಿಸಿದ. ಹುಡುಗಿ ಅವನ ಮುಖ ನೋಡಿ ನಕ್ಕಳು. ಸೊನ್ನೆ ಬಿದ್ದಲ್ಲಿ ನಗುವುದು ದಡ್ಡತನದ ಇನ್ನೊಂದು ಗುರುತು ಎಂದುಕೊಂಡು ಅವಳ ಅಂಕದ ಕಾರ್ಡಿನ ಷರಾ ಕಾಲಮ್ಮಿನಲ್ಲಿ "ಕೈ ಬಳಸಲಿಲ್ಲ" ಎಂದು ಬರೆದ. ಕೆಳಗೆ "ಮಂದ" ಎಂದೂ ಬರೆದ.

ಅವನೇನು ಕಲ್ಲುಮನಸ್ಸಿನವನಲ್ಲ. ಸಾಹುಕಾರರ ಮಗನೊಬ್ಬ ಅದೇ ದಿನ ತಡವರಿಸಿದಾಗ "ಹೂಂ, ಮಾಡಪ್ಪಾ" ಎಂದು ತಲೆ ಆಡಿಸಿದ್ದ. ಆದರೆ ಸಂಸ್ಥೆಯಲ್ಲಿ ಒಮ್ಮೆ ಬಾಗಿಲಾಚೆಯಿಂದ ಒಂದು ಮಾತು ಅವನ ಕಿವಿಗೆ ಬಿದ್ದಿತ್ತು: ಅಯ್ಯಣ್ಣನ ಕೈಯಾಗ ಪಟ್ಟಿ ಕೊಟ್ರ ಅವ್ರ ಮಂದೀನ ತುಂಬ್ತಾರ. ಅಂದಿನಿಂದ ತನ್ನ ಕೇರಿಯಂಥ ಕೇರಿಗಳ ಮಕ್ಕಳು ಮುಂದೆ ಕೂತರೆ ಅವನ ಬಾಯಿ ತಾನೇ ಹೊಲಿದುಕೊಳ್ಳುತ್ತಿತ್ತು. ಅದನ್ನು ಅವನು ನಿಷ್ಪಕ್ಷಪಾತ ಎಂದು ಕರೆದುಕೊಂಡಿದ್ದ. ಅದು ಅಂಜಿಕೆ.

ಸಭೆಗೆ ಎರಡು ದಿನ ಮುಂಚೆ, ಗುರುವಾರ, ತಾಯಿ ದುರುಗಮ್ಮ ಕುರ್ಡಿಯಿಂದ ಬಂದಳು. ರೊಟ್ಟಿ, ಪುಂಡಿಪಲ್ಯದ ಗಂಟು ಬಿಚ್ಚಿಟ್ಟು, ಕುರ್ಚಿ ಇದ್ದರೂ ನೆಲದ ಮೇಲೆಯೇ ಕೂತಳು. ಅಯ್ಯಣ್ಣ ಚಾಪೆಯ ಮೇಲೆ ತುಂಡುಗಳನ್ನು ಹರಡಿಕೊಂಡು, ಸಭೆಯಲ್ಲಿ ತೋರಿಸಲೆಂದು ಒಂದು ಚಿತ್ರ ಜೋಡಿಸುತ್ತಿದ್ದ. ಮುದುಕಿ ಸ್ವಲ್ಪ ಹೊತ್ತು ನೋಡಿದಳು.

"ಆ ಮೂಲ್ಯಾಗಿಂದು ಅಡ್ಡ ಆಗ್ಯಾದ ನೋಡು. ಕೆಂಪು ಒಳಗ ಬರಬೇಕು."

ಅಯ್ಯಣ್ಣ ಕಾರ್ಡು ನೋಡಿದ. ಅವಳು ಹೇಳಿದ್ದು ನಿಜ. ಜೀವಮಾನದಲ್ಲಿ ಸ್ಲೇಟು ಹಿಡಿಯದ ಹೆಂಗಸು. ಅವನಿಗೆ ನಗು ಬಂತು.

"ನೀನ ತಿರುವಿಡಬೇ."

ದುರುಗಮ್ಮ ಎರಡೂ ಅಂಗೈ ತೊಡೆಯ ಕೆಳಗೆ ಸಿಕ್ಕಿಸಿಕೊಂಡಳು. "ನಾ ಒಲ್ಲೆಪ್ಪ. ಸಾಲಿ ಸಾಮಾನು. ಅದಕ್ಕ ನಮ್ಮ ಕೈ ಯಾಕ ಹತ್ತಬೇಕು?"

ಅಯ್ಯಣ್ಣನ ಕೈಯಲ್ಲಿದ್ದ ತುಂಡು ಕೈಯಲ್ಲೇ ಉಳಿಯಿತು.

"ಯವ್ವಾ," ಎಂದ. "ನನಗೂ ಹಿಂಗ ಕೂಡಾಕ ಕಲಿಸಿದ್ದೆಲ್ಲ."

"ಕಲಿಸದ ಏನ್ಮಾಡ್ಲಿ? ನೀ ಮಾಸ್ತರ ಟೇಬಲ್ ಮ್ಯಾಲಿನ ಭೂಮಿಗೋಲ ಮುಟ್ಟಿದ ದಿವಸ ನಿಮ್ಮಪ್ಪ ಚಾವಡಿ ಮುಂದ ಹೊತ್ತು ಮುಳುಗೂತನ ಬಗ್ಗಿ ನಿಂತಿದ್ದ. ಮರತೇನು?"

ಮರೆತಿದ್ದ. ಏಳು ವರ್ಷದವನಿದ್ದಾಗ ಒಂದು ಬೆರಳಿನಿಂದ ಆ ಗೋಲವನ್ನು ತಿರುಗಿಸಿದ್ದು, ಅಪ್ಪ ಬಗ್ಗಿ ನಿಂತದ್ದು, ಆಮೇಲೆ ತಿಂಗಳುಗಟ್ಟಲೆ ಸಂಜೆ ಅವ್ವ ಎದುರು ಕೂರಿಸಿಕೊಂಡು, ಮುಂದೆ ಬೆಲ್ಲದ ಹೆಂಟೆ ಇಟ್ಟು, ಕೈ ತೊಡೆಯ ಕೆಳಗೆ ಇಟ್ಟುಕೊಂಡೇ ಇರಲು ಕಲಿಸಿದ್ದು. ಮುಟ್ಟದೆ ಕೂತರೆ ಬೆಲ್ಲ ಕೊಡುತ್ತಿದ್ದಳು. ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗಳು ಎಷ್ಟು ಗಂಟೆಯಲ್ಲಿ ಮರೆತುಹೋಗುತ್ತವೆಂದು ಲೆಕ್ಕ ಹಾಕಿದ್ದ. ಇಷ್ಟೆಲ್ಲ ಅರ್ಥವಿದ್ದದ್ದನ್ನು ಮನುಷ್ಯ ಹೇಗೆ ಮರೆಯುತ್ತಾನೆಂದು ಅವನು ಹೇಳಿರಲಿಲ್ಲ. ಅಯ್ಯಣ್ಣನಿಗೆ ನಾಚಿಕೆಯಾಯಿತು. ಬೇರೆ ಯಾರು ತಪ್ಪಿದ್ದರೂ ಗೊತ್ತಿಲ್ಲದೆ ತಪ್ಪಿದರು ಎನ್ನಬಹುದಿತ್ತು.

ಶುಕ್ರವಾರ ಮುಂಜಾನೆ ಪ್ರಿನ್ಸಿಪಾಲರ ಮುಂದೆ ನಿಂತು ಕನಕಮ್ಮನ ಅಂಕದ ಕಾರ್ಡು ಇಟ್ಟ. ನಾಳೆ ಸಭೆಯಲ್ಲಿಯೇ ಅಧಿಕಾರಿ ಆಯ್ಕೆಯ ಪಟ್ಟಿಗೆ ರುಜು ಹಾಕುವವರಿದ್ದರು. ಮಾನ್ವಿಯ ಹುಡುಗನೊಬ್ಬ ಬೇರೆ ಊರಿಗೆ ಹೋದದ್ದರಿಂದ ನಲವತ್ತನೆಯ ಸಾಲು ಖಾಲಿ ಇತ್ತು.

"ಒಬ್ಬಾಕಿಗೆ ಮತ್ತೊಮ್ಮೆ ಪರೀಕ್ಷೆ ಅಂದ್ರ ಹೆಂಗ ಅಯ್ಯಣ್ಣ?" ಎಂದರು ಮರಿಸ್ವಾಮಿ. ಮನುಷ್ಯ ಕೆಟ್ಟವರಲ್ಲ, ಜಾಗ್ರತೆಯವರು. "ಮ್ಯಾಲ, ನಿಮ್ಮ ಮಂದಿ ಅಂತ ಮಾಡಿದ್ರಿ ಅಂತಾರ. ಹೆಸರು ಕೆಡೋದು ನಿಮ್ಮದು."

"ಕೆಡ್ಲಿ ಬಿಡ್ರಿ ಸರ. ಆ ಹೆಸರಿಗೆ ಅಂಜೇ ನಾ ಆ ಹುಡುಗಿಗೆ ಸೊನ್ನಿ ಕೊಟ್ಟದ್ದು."

ಮರಿಸ್ವಾಮಿ ಕನ್ನಡಕ ತೆಗೆದು ಒರೆಸಿದರು. "ಇನ್ನೊಬ್ಬರ ಎದುರು ಮಾಡ್ರಿ. ಅವರ ರುಜು ಇರ್ಲಿ. ನಾಳೆ ಹನ್ನೊಂದಕ್ಕ ನನ್ನ ಟೇಬಲ್ ಮ್ಯಾಲ ಇದ್ರ ಬರೀತೀನಿ. ಇಲ್ಲಂದ್ರ ಆ ಸಾಲು ಗೀಟು ಹಾಕಿಬಿಡ್ತೀನಿ."

ಪೆಟ್ಟಿಗೆ ಹಿಡಿದು ದೇವದುರ್ಗದ ಬಸ್ಸು ಹತ್ತಿದ. ಶಾಲೆಯಲ್ಲಿ ನೀಲಗಂಗಮ್ಮ ಹಾಜರಿ ಪುಸ್ತಕ ತೆರೆದು ತೋರಿಸಿದರು. ಜುಲೈಯಿಂದ ಆ ಹೆಸರಿನ ಮುಂದೆ ಗೈರುಹಾಜರಿ. "ನಿಮ್ಮ ಕಾರ್ಡಿನ ನಕಲು ಬಂತಲ್ರಿ, ಮಂದ ಅಂತ. ಅವರಪ್ಪಗ ಹೆಡ್‌ಮಾಸ್ತರು ಓದಿ ಹೇಳಿದ್ರು. ಮಂದ ಆದ್ರ ಸಾಲಿ ಯಾಕ ಅಂತ, ಹುಡುಗಿಗೆ ಏನೂ ಹೇಳದ, ಬಿಡಿಸಿದ. ಸಿರವಾರ ಕಡೆ ನಾಟಿಗೆ ಹೋಗ್ಯಾರ." ಅವರ ದನಿಯಲ್ಲಿ ಸಿಟ್ಟಿತ್ತು, ಅದನ್ನು ಅವರು ಮುಚ್ಚಿಡಲೂ ಇಲ್ಲ. ಆದರೆ ಸಾಕ್ಷಿಗೆ ಬರ್ತೀರಾ ಎಂದು ಕೇಳಿದಾಗ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಸಿರವಾರದಲ್ಲಿ ಇಳಿದು ಕಾಲುವೆಯ ದಂಡೆ ಹಿಡಿದು, ಕೇಳುತ್ತ ಕೇಳುತ್ತ ಹೋಗುವಷ್ಟರಲ್ಲಿ ಮೂರು ಗಂಟೆ ದಾಟಿತ್ತು. ಗದ್ದೆಯಲ್ಲಿ ಹೆಂಗಸರ ಸಾಲು ಬಗ್ಗಿ ನಾಟಿ ಹಾಕುತ್ತಿತ್ತು. ಬದುವಿನ ಮೇಲೆ ಸಸಿಯ ಕಟ್ಟು ಹೊತ್ತು ಬರುತ್ತಿದ್ದ ಕನಕಮ್ಮ ಅವನನ್ನು ಗುರುತು ಹಿಡಿದು, ಕಟ್ಟು ಇಳಿಸಿ ಓಡಿ ಬಂದಳು.

"ಸರ, ನಾ ಪಾಸಾದೆನೇನ್ರಿ? ಒಂದೂ ಮುಟ್ಟಲಿಲ್ಲ ನಾ."

ಪರೀಕ್ಷೆಯ ದಿನ ಅವಳು ನಕ್ಕದ್ದು ಯಾಕೆಂದು ಅಯ್ಯಣ್ಣನಿಗೆ ಈಗ ತಿಳಿಯಿತು.

"ಮುಟ್ಟಬಾರದು ಅಂತ ಯಾರು ಹೇಳಿದ್ರವ್ವಾ?"

"ಅಕ್ಕ ಹೇಳಿದ್ಲ್ರಿ. ಆಕಿಗೂ ನೀವೇ ಮಾಡಿದ್ರೆಲ್ಲ, ಮೂರು ವರ್ಷದ ಹಿಂದ. ಚೆಂದನ ಸಾಮಾನು ಮುಂದಿಟ್ಟು ಗಡಿಯಾರ ಹಿಡೀತಾರ, ಎಷ್ಟೊತ್ತು ಮುಟ್ಟದ ಕೂಡ್ತೀವಿ ಅಂತ ನೋಡ್ತಾರ ಅಂದ್ಲು. ಆಕಿ ನಡುವ ಒಮ್ಮೆ ಕೈ ತಗದಿದ್ಲಂತ, ಅದಕ್ಕ ನಪಾಸ್ ಆದೆ ಅಂತಾಳ. ನಾ ತಗಿಲೇ ಇಲ್ಲ."

ಕನಕಮ್ಮ ಕೈ ತೋರಿಸಿದ ಕಡೆ, ಸಾಲಿನ ಕೊನೆಯಲ್ಲಿ ಒಬ್ಬಳು ಸೊಂಟ ನೆಟ್ಟಗೆ ಮಾಡಿ ಇತ್ತ ನೋಡುತ್ತಿದ್ದಳು. ಹದಿಮೂರೋ ಹದಿನಾಲ್ಕೋ. ಕೊರಳಲ್ಲಿ ಹೊಸ ಅರಿಶಿನದ ದಾರ. ಅಯ್ಯಣ್ಣನಿಗೆ ಅವಳ ಮುಖ ನೆನಪಿಗೆ ಬರಲಿಲ್ಲ. ನೆನಪಿಗೆ ಬಂದದ್ದು ತನ್ನದೇ ಅಕ್ಷರ, ಆ ವರ್ಷದ ಯಾವುದೋ ಕಾರ್ಡಿನ ಮೇಲೆ.

ಬದುವಿನ ಮೇಲೆ ಟವೆಲು ಹಾಸಿ ತುಂಡುಗಳನ್ನು ಸುರಿದ. ಕೈಪಿಡಿಯ ವಾಕ್ಯ ಹೇಳಲಿಲ್ಲ. ಕನಕಮ್ಮನ ಎದುರು ಕೂತು, ತನ್ನ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ತೋರಿಸಿದ. "ನಾನೂ ಹಿಂಗ ಕೂತಾಂವನ. ನಮ್ಮವ್ವ ಕಲಿಸಿದ್ದು." ಆಮೇಲೆ ಕೈ ಹೊರಗೆ ತೆಗೆದ. "ಇವು ಮುಟ್ಟಾಕಂತನ ಮಾಡಿದ್ದವ್ವಾ. ಮುಟ್ಟಿ ಈ ಚಿತ್ರದಾಂಗ ಕೂಡಿಸು."

ಹುಡುಗಿ ನೀಲಗಂಗಮ್ಮನವರ ಮುಖ ನೋಡಿದಳು. ಅವರು ಹೂಂ ಎಂದರು. ಕಾಲುವೆಗೆ ಇಳಿದು ಕೈ ತೊಳೆದಳು, ಬಂದಳು, ಮತ್ತೆ ಹೋಗಿ ತೊಳೆದಳು. ಮೂರನೆಯ ಸಲ ತೊಳೆದು ಲಂಗಕ್ಕೆ ಒರೆಸಿಕೊಂಡು, ಒಂದು ಬೆರಳಿನಿಂದ ಮೊದಲ ತುಂಡನ್ನು ಮುಟ್ಟಿ ನೋಡಿದಳು. ಆಮೇಲೆ ನಿಲ್ಲಲಿಲ್ಲ. ಒಂದೊಂದು ಕಾರ್ಡಿಗೂ ಸಮಯ ಮಿಕ್ಕಿತು. ಅಯ್ಯಣ್ಣ ಹಳೆಯ ಷರಾ ಹೊಡೆದುಹಾಕಿ "ತಪ್ಪು ಪರೀಕ್ಷಕನದು" ಎಂದು ಬರೆದು ರುಜು ಮಾಡಿದ. ನೀಲಗಂಗಮ್ಮ ಕೆಳಗೆ ತಮ್ಮದು ಹಾಕಿದರು. ನಲವತ್ತನೆಯ ಸಾಲಿಗೆ ಹೆಸರು ಸಿಕ್ಕಿತು.

ಇಷ್ಟಕ್ಕೆ ಪೆಟ್ಟಿಗೆ ಮುಚ್ಚಿ ಬಸ್ಸು ಹಿಡಿಯಬಹುದಿತ್ತು. ಅಯ್ಯಣ್ಣ ಗದ್ದೆಯ ಕಡೆ ತಿರುಗಿದ.

"ನಿನ್ನ ಹೆಸರೇನವ್ವಾ?"

"ಪಾರ್ವತೆಮ್ಮರೀ."

"ನೀನೂ ಒಮ್ಮೆ ಬಾ."

"ನನಗ ಯಾಕ್ರಿ ಈಗ," ಎಂದಳು. ಆದರೂ ಬಂದಳು. ಕೈ ಕೆಸರಾಗಿದೆ ಎಂದು ತೋರಿಸಿದಳು. ಇರಲಿ ಎಂದ. ಕೊನೆಯ ಕಾರ್ಡು ಇಟ್ಟ, ಹದಿನಾರು ತುಂಡಿನದು, ನಾಲ್ಕು ವರ್ಷದಲ್ಲಿ ಯಾವ ಮಗುವೂ ವೇಳೆಗೆ ಮುಗಿಸದ್ದು. ಪಾರ್ವತೆಮ್ಮ ಅದನ್ನು ದಿಟ್ಟಿಸಿ ನೋಡಿದಳು. ಸಸಿ ಊರುವಷ್ಟು ಸಲೀಸಾಗಿ ಮೂಲೆಯಿಂದ ಶುರು ಮಾಡಿದಳು. ಎಲ್ಲಿಯೂ ತಡೆಯಲಿಲ್ಲ, ಒಂದನ್ನೂ ತೆಗೆದು ತಿರುಗಿಸಲಿಲ್ಲ. ಮುಗಿದಾಗ ವಾಚು ಒತ್ತುವುದನ್ನೇ ಮರೆತಿದ್ದೇನೆಂದು ಅಯ್ಯಣ್ಣನಿಗೆ ಗೊತ್ತಾಯಿತು. ನೀಲಗಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆ ಕಡೆ ಮುಖ ಮಾಡಿದರು.

ಪಾರ್ವತೆಮ್ಮ ಜೋಡಿಸಿದ್ದನ್ನು ಒಂದು ಗಳಿಗೆ ನೋಡಿದಳು.

"ಅವತ್ತೂ ಇಷ್ಟೇ ಇತ್ತೇನ್ರಿ?"

"ಹೌದವ್ವಾ," ಎಂದ ಅಯ್ಯಣ್ಣ. "ಇಷ್ಟೇ ಇತ್ತು."

ಪಾರ್ವತೆಮ್ಮ ಗದ್ದೆಯ ಕಡೆ ತಿರುಗಿದಳು. ನಾಟಿಯ ಸಾಲು ಮುಂದೆ ಹೋಗಿತ್ತು, ಅವಳ ಪಾಲಿನ ಜಾಗ ಹಿಂದೆ ಖಾಲಿ ಉಳಿದಿತ್ತು. ಸೀರೆ ಎತ್ತಿ ಕಟ್ಟಿಕೊಂಡು, ನೀರಿಗೆ ಇಳಿದು, ಅಲ್ಲಿಗೆ ಹೋಗಿ ಬಗ್ಗಿದಳು.