ಹೆಣ್ಣಿನ ತಾಯಿ ರೇಣವ್ವ

ಕತ್ತೆಯ ಮೂಗನ್ನು ಯಾಕೆ ಸೀಳುತ್ತಾರೆ ಎಂದು ಮೋರಟಗಿಯಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: ಉಸಿರು ಸಲೀಸಾಗುತ್ತದೆ, ಭಾರ ಹೆಚ್ಚು ಹೊರುತ್ತದೆ. ಅಪ್ಪ ಹೇಳಿದ್ದು, ಅಪ್ಪನಿಗೆ ಅವನ ಅಪ್ಪ ಹೇಳಿದ್ದು. ಕತ್ತೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ.

ರೇಣವ್ವ ಅದನ್ನು ಕಣ್ಣಾರೆ ಕಂಡದ್ದು ಕೆರೆಯ ಒಡ್ಡಿನ ಹತ್ತಿರ. ಗಂಡ ತೀರಿಹೋದ ಮೇಲೆ ಚುರಮುರಿ ಭಟ್ಟಿಯನ್ನು ಅವಳೇ ನಡೆಸುತ್ತಿದ್ದಳು. ಹುರಿಯಲು ಉಸುಕು ಬೇಕೆಂದು ಬುಟ್ಟಿ ಹಿಡಿದು ಹೋಗಿದ್ದಳು. ಅಲ್ಲಿ ಒಡ್ಡಿನ ಮಣ್ಣಿನ ಕೆಲಸ ಗುತ್ತಿಗೆ ಹಿಡಿದಿದ್ದ ಶಂಕರೆಪ್ಪ ಒಂದು ಗಂಡುಕತ್ತೆಯನ್ನು ಕೆಡವಿ, ಕಾಲು ಕಟ್ಟಿಸಿ, ಕ್ಷೌರದ ಕತ್ತಿಯಿಂದ ಅದರ ಮೂಗಿನ ಹೊಳ್ಳೆಗಳನ್ನು ಮೇಲಕ್ಕೆ ಸೀಳುತ್ತಿದ್ದ. ಕತ್ತೆ ಅರಚಲಿಲ್ಲ. ಬಾಯಿಗೂ ಹಗ್ಗ ಬಿಗಿದಿದ್ದರು. ಕಣ್ಣು ಮಾತ್ರ ತಿರುಗುತ್ತಿತ್ತು.

"ಏ ಶಂಕರೆಪ್ಪಾ, ನಿನ್ನ ಕೈ ಸೇದಿ ಹೋಗ್ಲಿ! ಬಿಡೋ ಅದನ್ನ!" ಎಂದು ರೇಣವ್ವ ಕೂಗಿದಳು. ಕೂಗಿದ ಮೇಲೆ ತನ್ನ ದನಿಗೆ ತಾನೇ ಬೆಚ್ಚಿದಳು.

"ಯಾಕವಾ, ನಿನ್ನ ಬೀಗನೇನು?" ಎಂದ ಶಂಕರೆಪ್ಪ. ಮಣ್ಣು ಹೊರುವವರೆಲ್ಲ ಹಾರೆ ಊರಿ ನಿಂತು ನಕ್ಕರು. ಅಂದೇ ಅವಳಿಗೆ 'ಕತ್ತಿ ವಕೀಲಿ', ಅಂದರೆ ಕತ್ತೆಗಳ ವಕೀಲೆ, ಎಂಬ ಹೆಸರು ಬಿತ್ತು.

ರೇಣವ್ವ ಬಾಯಿಬಡುಕಿಯಲ್ಲ. ಮಾತಾಡಿದ ಮೇಲೆ ಮನೆಗೆ ಬಂದು, ಹಾಗನ್ನಬಾರದಿತ್ತೋ ಏನೋ ಎಂದು ಒಲೆಯ ಮುಂದೆ ಕೂತು ನೂರು ಸಲ ಯೋಚಿಸುವ ಜೀವ. ಸಂಜೆಯ ಶಾಲೆಗೆ ಹೋಗಿ ದೊಡ್ಡವಳಾದ ಮೇಲೆ ಅಕ್ಷರ ಕಲಿತವಳು. ಹಾಗಾಗಿ ತನಗೆ ಗೊತ್ತಿರುವುದು ಸರಿಯೇ ಎಂಬ ಅನುಮಾನ ಅವಳನ್ನು ಬಿಟ್ಟದ್ದೇ ಇಲ್ಲ. ಇದನ್ನು ತಡೆಯಲಾಗದೇ ಎಂದು ಶಾಲೆಯ ಮಾಸ್ತರರನ್ನು ಕೇಳಿದಳು. "ರೇಣವ್ವ, ಇಲ್ಲಿ ಮನಷ್ಯಾರ ಹಕ್ಕ ಇನ್ನೂ ಬಗಿಹರಿದಿಲ್ಲ, ಕತ್ತಿ ಹಕ್ಕ ಎಲ್ಲಿಂದ ತರೂಣು?" ಎಂದರು ಅವರು. ಊರ ಹಿರಿಯ ಹಣಮಂತ್ರಾಯನ ಹತ್ತಿರ ಹೋದಳು. "ಎತ್ತಿನ ಮಾತಿದ್ರ ಹೇಳು, ಕೇಳೂಣು. ಎತ್ತು ಬಸವಣ್ಣ. ಕತ್ತಿ ಅಂದ್ರ ಕತ್ತಿ" ಎಂದ ಅವನು.

ಎತ್ತು ದೇವರು, ಕತ್ತೆ ಕತ್ತೆ. ನೋವಿಗೆ ಇವರು ಯಾವಾಗ ಜಾತಿ ಹಚ್ಚಿದರು? ರೇಣವ್ವನಿಗೆ ಈ ಸಿಟ್ಟನ್ನು ಎಲ್ಲಿ ಚೆಲ್ಲಬೇಕೆಂದು ತಿಳಿಯಲಿಲ್ಲ.

ಆ ವರ್ಷ ಕಾರಹುಣ್ಣಿಮೆ ಹೋದರೂ ಮಳೆ ಬರಲಿಲ್ಲ. ಊರು ಕೂಡಿ, ಕತ್ತೆಗಳ ಮದುವೆ ಮಾಡಬೇಕೆಂದು ಗೊತ್ತು ಮಾಡಿತು. ಮಳೆ ತಡೆದಾಗ ಕತ್ತೆಗಳ ಲಗ್ನ ಮಾಡಿಸುವುದು ಹಿಂದಿನಿಂದ ಬಂದ ಪದ್ಧತಿ. ಗಂಡು, ಹೆಣ್ಣು ಎರಡೂ ಶಂಕರೆಪ್ಪನವೇ. ಗಂಡು, ರೇಣವ್ವ ಅಂದು ನೋಡಿದ್ದೇ. ಗಾಯ ಇನ್ನೂ ಒಣಗಿರಲಿಲ್ಲ. ಹೆಣ್ಣು ಇನ್ನೂ ಹೇರು ಹೊರದ ಎಳೆಯದು. ಮದುಮಗಳಿಗೆ ನತ್ತು ಇಡಬೇಕಲ್ಲ, ಅದಕ್ಕೆ ಮೂಗು ನೆಟ್ಟಗಿರುವುದೇ ಬೇಕೆಂದು ಆರಿಸಿದ್ದರು. ಲಗ್ನ ಮುಗಿದು ಮಳೆ ಬಂದ ಮೇಲೆ ಅದರ ಮೂಗನ್ನೂ ಸೀಳಿ ಒಡ್ಡಿನ ಕೆಲಸಕ್ಕೆ ಹಚ್ಚುವುದೆಂದು ಶಂಕರೆಪ್ಪ ಎಲ್ಲರೆದುರೇ ಹೇಳಿದ್ದ.

"ಗಂಡಿನ ಕಡಿಯವರು ನಾವಾದ್ವಿ. ಹೆಣ್ಣಿನ ಕಡೆ ಯಾರು?" ಎಂದು ಹಣಮಂತ್ರಾಯ ಕೇಳಿದಾಗ ಯಾರೋ ಕೂಗಿದರು: "ಕತ್ತಿ ವಕೀಲಿ ಅದಾಳಲ್ರಿ! ಹೆಣ್ಣಿನ ತಾಯಿ ಆಕೀನ!"

ಚಾವಡಿಯೆಲ್ಲ ನಕ್ಕಿತು. ರೇಣವ್ವ ಸೆರಗು ಎಳೆದುಕೊಂಡು ಎದ್ದಳು. ಪಕ್ಕದ ಮನೆಯ ಬಳೆಗಾರ್ತಿ ಜೋಹರಾಬಿ ಅವಳ ಮೊಣಕೈ ಹಿಡಿದು ಕೂಡಿಸಿದಳು.

"ಹೂಂ ಅನ್ನು."

"ಚಾಷ್ಟಿ ಮಾಡಾಕತ್ತಾರ ಜೋಹರಾ."

"ಮಾಡ್ಲಿ. ಹೆಣ್ಣಿನ ತಾಯಿ ಹೂಂ ಅನ್ನೂತನ ಯಾ ಊರಾಗ ಲಗ್ನ ಆಗೇತಿ? ಬಾಯಿ ತಗಿ."

ರೇಣವ್ವ ಬಾಯಿ ತೆಗೆದಳು. ಹೂಂ ಅಂದಳು.

ಲಗ್ನದ ದಿನ ಹಂದರ, ಹಲಗಿಯ ಬಡಿತ, ಬಾಸಿಂಗ ಎಲ್ಲ ಇತ್ತು. ಜೋಹರಾಬಿ ಹಸಿರು ಬಳೆಗಳನ್ನು ದಾರಕ್ಕೆ ಪೋಣಿಸಿ ಹೆಣ್ಣಿನ ಕೊರಳಿಗೆ ಹಾಕಿ, "ಇಷ್ಟ ಸಣ್ಣ ಗೊರಸಿಗೆ ನನ್ನ ಹಂತ್ಯಾಕ ಬಳಿ ಇಲ್ಲವಾ" ಎಂದಳು. ಮೊನ್ನೆಯವರೆಗೆ ಕಲ್ಲೆಸೆದವರೇ ಇಂದು ಅದರ ಹಣೆಗೆ ಕುಂಕುಮ ಹಚ್ಚಿ ಕೈಮುಗಿಯುತ್ತಿದ್ದರು. ಮಳೆ ಬೇಕಲ್ಲ! ಅದನ್ನು ನೋಡಿ ರೇಣವ್ವನಿಗೆ ನಗು ಬರಲಿಲ್ಲ, ಮೈಯುರಿಯಿತು. ಅಕ್ಕಿಕಾಳು ಹಾಕುವ ಹೊತ್ತಿಗೆ ಅವಳು ಮುಂದೆ ಬಂದು ಹೆಣ್ಣಿನ ಕೊರಳ ಹಗ್ಗ ಹಿಡಿದಳು.

"ತಾಳ್ರಿ. ನನ್ನ ಮಗಳ ಮೂಗಿಗೆ ಕತ್ತಿ ಹಚ್ಚೂದಿಲ್ಲಂತ ಗಂಡಿನ ಕಡಿಯವರು ಮಾತ ಕೊಡ್ಲಿ. ಇಲ್ಲಂದ್ರ ಹೆಣ್ಣ ಕೊಡೂದಿಲ್ಲ."

ಹಲಗಿ ನಿಂತಿತು. ಮುಹೂರ್ತ ಮೀರುತ್ತಿತ್ತು. ಲಗ್ನ ಅರ್ಧಕ್ಕೆ ನಿಂತರೆ ಇದ್ದ ಮೋಡವೂ ಹೋಗುತ್ತದೆಂದು ಜನ ಹೆದರಿದರು. "ಕೊಡೋ ಮಾರಾಯಾ, ಮಾತಿಗೇನ ರೊಕ್ಕ ಬೀಳ್ತಾವೇನು?" ಎಂದು ಹಣಮಂತ್ರಾಯನೇ ಗದರಿದ.

"ಆತು, ಕೊಟ್ಟೇನಿ" ಎಂದ ಶಂಕರೆಪ್ಪ, ಹಲ್ಲು ಬಿಡುತ್ತ.

ರೇಣವ್ವ ನಂಬಿದಳು. ಮಾತು ಎಂದರೆ ಮಾತೇ ಎಂದು ನಂಬುವವರ ಪೈಕಿ ಅವಳು.

ಮಣ್ಣೆತ್ತಿನ ಅಮವಾಸ್ಯೆಗೆ ಒಂದು ಮಳೆ ಬಿತ್ತು. ಊರೆಲ್ಲ ಜೋಡಿ ಮಣ್ಣೆತ್ತು ಮಾಡಿ, ದೇವರ ಜಗುಲಿಯ ಮೇಲಿಟ್ಟು, ಹೋಳಿಗೆ ಎಡೆ ಹಿಡಿಯಿತು. ಮರುದಿನ ಬೆಳಿಗ್ಗೆ ಜೋಹರಾಬಿ ಬಳೆಯ ಮಲಾರವನ್ನು ಬಾವಿಯ ಕಟ್ಟೆಯ ಮೇಲೆಯೇ ಬಿಟ್ಟು ಓಡಿಬಂದಳು. "ರೇಣೂ, ಕತ್ತಿ ಮಸಿಯಾಕತ್ತಾನ!"

ಮಣ್ಣಿನ ಎತ್ತಿಗೆ ಹೋಳಿಗೆ, ಜೀವವಿರುವ ಕತ್ತೆಗೆ ಕ್ಷೌರದ ಕತ್ತಿ. ರೇಣವ್ವ ಭಟ್ಟಿಯ ಬೆಂಕಿಯನ್ನೂ ಆರಿಸದೆ ನಡೆದಳು. ಹೋಗಿ ಏನು ಹೇಳಬೇಕೆಂದು ಗೊತ್ತಿರಲಿಲ್ಲ.

ಶಂಕರೆಪ್ಪನ ಮನೆ ಊರ ಬಾವಿಯ ಎದುರಿಗೇ. ಅಂಗಳದಲ್ಲಿ ಹೆಣ್ಣುಕತ್ತೆಯ ಕಾಲು ಕಟ್ಟಿ ಕೆಡವಿದ್ದರು. ಕೊರಳಿನ ಬಳೆ ಕೆಲವು ಒಡೆದಿದ್ದವು. ಮೈಮೇಲೆ ಅರಿಶಿನ ಇನ್ನೂ ಹಳದಿಯಾಗಿಯೇ ಇತ್ತು.

"ಮಾತ ಕೊಟ್ಟಿದ್ದಿ" ಎಂದಳು ರೇಣವ್ವ.

"ಹೌದವಾ. ಲಗ್ನದಾಗ ಯಾರ ಮಾತ ಕೊಡೂದಿಲ್ಲ?" ಎಂದು ಶಂಕರೆಪ್ಪ ಕತ್ತಿಯನ್ನು ಅಂಗೈಗೆ ಒರಸಿದ. "ಈಗ ಇದು ನನ್ನ ಮನಿ ಸೊಸಿ. ಕೊಟ್ಟ ಹೆಣ್ಣು ಕುಲಕ್ಕ ಹೊರಗ. ನೀ ಯಾರ ಕೇಳಾಕ?"

ಬಾವಿಯ ಹಗ್ಗ ಎಳೆಯುತ್ತಿದ್ದ ಹೆಂಗಸರ ಕೈ ನಿಂತವು. ಆ ಮಾತನ್ನು ಅವರಲ್ಲಿ ಕೇಳಿರದವರು ಯಾರೂ ಇರಲಿಲ್ಲ. ಏಟು ತಿಂದು ತವರಿಗೆ ಓಡಿಹೋದಾಗ ಕೇಳಿದ್ದರು, ಅಪ್ಪನ ಬಾಯಿಂದ ಕೇಳಿದ್ದರು, ಅಣ್ಣನ ಬಾಯಿಂದ ಕೇಳಿದ್ದರು. ರೇಣವ್ವನೂ ಕೇಳಿದ್ದಳು. ಅವಳು ಶಂಕರೆಪ್ಪನ ಎದುರಿಗೇ ಹೋಗಿ ನಿಂತಳು.

"ಸೊಸಿ ಅಂದೆಲ್ಲಾ? ಹಂಗಾರ ಕೇಳು. ಇವತ್ತ ಆಷಾಢ ಹತ್ತೇತಿ. ಲಗ್ನಾದ ಹೊಸಾ ಸೊಸಿ ಆಷಾಢದಾಗ ಅತ್ತಿ ಮನ್ಯಾಗ ಇರಬಾರ್ದು. ನನ್ನ ಮಗಳನ್ನ ತವರಿಗಿ ಕರ್ಕೊಂಡು ಹೋಗಾಕ ಬಂದೇನಿ. ಹಗ್ಗ ಬಿಚ್ಚು."

"ಹುಚ್ಚಿಡದೈತೇನ ನಿನಗ? ಅದ ಕತ್ತಿ!"

"ಈಗಷ್ಟ ಸೊಸಿ ಅಂದಿ!" ಎಂದು ಬಾವಿಯ ಕಡೆಯಿಂದ ಒಬ್ಬಳು ಕೂಗಿದಳು. "ಮೂಗ ಕೊಯ್ಯಾಕ ಸೊಸಿ, ತವರಿಗಿ ಕಳಸಾಕ ಕತ್ತೇನೋ?" ಎಂದಳು ಇನ್ನೊಬ್ಬಳು. ಕೊಡಗಳನ್ನು ಕಟ್ಟೆಯ ಮೇಲಿಟ್ಟು ಎಲ್ಲರೂ ಅಂಗಳಕ್ಕೆ ಬಂದರು. ಗದ್ದಲಕ್ಕೆ ಶಂಕರೆಪ್ಪನ ತಾಯಿ ಗುಂಡವ್ವ ಕೋಲೂರುತ್ತ ಹೊರಗೆ ಬಂದಳು. ಮಗನ ಕೈಯ ಕತ್ತಿ ನೋಡಿದಳು, ಅಂಗಳದ ಹೆಂಗಸರನ್ನು ನೋಡಿದಳು.

"ಕಳಸೋ" ಎಂದಳು ಮುದುಕಿ. "ಊರ ಮಂದಿ ಅಕ್ಕಿಕಾಳ ಹಾಕ್ಯಾರ. ಸೊಸಿನ ಆಷಾಢಕ್ಕ ಕಳಸದ ಮನಿ ಅಂತ ನಾ ಅನಿಸಿಕೊಳ್ಳಾಂಗಿಲ್ಲ. ನಾಳೆ ಮಳಿ ಹೋತಂದ್ರ ನಿನ್ನ ಹೆಸರಿಗೇ ಹಚ್ತಾರ."

ಶಂಕರೆಪ್ಪ ಹಗ್ಗ ಬಿಚ್ಚಿದ. ಬಿಚ್ಚಿ ರೇಣವ್ವನ ಮೇಲೆಯೇ ಎಸೆದ. "ಆಷಾಢ ಅಷ್ಟ. ಶ್ರಾವಣಕ್ಕ ಬಂದ ಎಳಕೊಂಡ ಹೋಗ್ತೇನಿ."

"ಬಾ. ಈ ಅಂಗಳದಾಗ ನಿಂತ ಮಂದೀನ ಕರ್ಕೊಂಡ ಬಾ. ಅವರ ಮುಂದ ಮತ್ತ ಮಾತ ಕೊಟ್ಟು, ಮತ್ತ ಮುರಿ. ನೋಡೂಣು."

ಕತ್ತೆ ಎದ್ದು ಮೈ ಕೊಡವಿತು. ರೇಣವ್ವ ಅದನ್ನು ಹಿಡಿದು, ಜೋಹರಾಬಿಯ ಸಂಗಡ ಒಡ್ಡಿನ ದಾರಿಗೆ ಬಂದಳು. ಮಾಡಿದ್ದು ಸರಿಯೋ, ಹೆಚ್ಚಾಯಿತೋ, ಶ್ರಾವಣಕ್ಕೆ ಏನು ಮಾಡುವುದೋ ಎಂಬ ಹಳೆಯ ಯೋಚನೆ ಆಗಲೇ ಶುರುವಾಗಿತ್ತು.

ಎದುರಿಗೆ ಗಂಡುಕತ್ತೆ ಬರುತ್ತಿತ್ತು. ಎರಡೂ ಕಡೆ ಮಣ್ಣಿನ ಹೇರು. ಸೀಳಿದ ಮೂಗಿನ ಮೇಲೆ ನೊಣ ಮುತ್ತಿದ್ದವು. ಏರು ಹತ್ತಲಾರದೆ ಮುಗ್ಗರಿಸಿತು. ಹಿಂದಿದ್ದ ಆಳು ಕೋಲಿನಿಂದ ಸರಿಯಾಗಿ ಹುಣ್ಣಿನ ಮೇಲೆಯೇ ತಿವಿದ.

ರೇಣವ್ವ ನಿಂತಳು.

"ನಡೀ ನಡೀ" ಎಂದಳು ಜೋಹರಾಬಿ. "ಒಂದಿನಕ್ಕ ಒಂದು ಸಾಕು."

"ನೀ ಇಕಿನ್ನ ಹಿಡಕೊಂಡ ಮನಿಗಿ ನಡಿ" ಎಂದು ರೇಣವ್ವ ಹಗ್ಗವನ್ನು ಅವಳ ಕೈಗಿಟ್ಟಳು. ಸೆರಗು ಸಿಕ್ಕಿಸಿ, ಏರಿನ ಕಡೆ ಹೊರಳಿದಳು. "ನಾ ಅಳಿಯನ್ನ ಮಾತಾಡಿಸಿ ಬರ್ತೇನಿ."